ದಡ್ಡ ಎಂಬ ಬಿರುದು ಪುಕ್ಕಟೆ, ಓದಲು ನೆರವು ಮಾತ್ರ ಇಲ್ಲ!

ನಮ್ಮ ಮೈಸೂರು ಜಿಲ್ಲೆಯಲ್ಲಿ ಅರ್ಜಿ ಹಾಕದೆ, ಕೈ ಬಿಸಿ ಮಾಡದೆ, ಸಾಲಿನಲ್ಲಿ ನಿಲ್ಲದೆ ಮಕ್ಕಳಿಗೆ ಸಿಗುವ ಬಿರುದು ಒಂದೇ ಒಂದು. ಅದು ‘ದಡ್ಡ’ ಎಂಬುದು. ಮೂರನೇ ಕ್ಲಾಸಿನ ಹುಡುಗ ಪುಸ್ತಕ ಹಿಡಿದು ತಡವರಿಸಿದರೆ ಸಾಕು, ಮೇಷ್ಟ್ರು ‘ಇವನ ತಲೆಗೆ ಹತ್ತೋದಿಲ್ಲ’ ಅಂತಾರೆ, ಅಪ್ಪ ‘ಸೋಮಾರಿ ನನ್ ಮಗ’ ಅಂತಾನೆ, ಪಕ್ಕದ ಮನೆಯವರು ‘ಮೊಬೈಲ್ ನೋಡಿ ನೋಡಿ ಕೆಟ್ಟ’ ಅಂತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು, ತೀರ್ಪೂ ಬಂತು.

ಅದೇ ಹುಡುಗ ಸಂಜೆ ಅಂಗಡಿಯಲ್ಲಿ ಕೂತರೆ ಗಿರಾಕಿಗೆ ಲೆಕ್ಕ ತಪ್ಪದೆ ಚಿಲ್ಲರೆ ಕೊಡುತ್ತಾನೆ. ಒಮ್ಮೆ ಕೇಳಿದ ಕತೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಕೆಟ್ಟ ಫ್ಯಾನು ಬಿಚ್ಚಿ ಮತ್ತೆ ಜೋಡಿಸುತ್ತಾನೆ. ಇವನು ದಡ್ಡ ಹೇಗಾದ ಸ್ವಾಮಿ ಎಂದು ಕೇಳುವವರಿಲ್ಲ. ಕೇಳಬೇಕಾದ ಇಲಾಖೆಗೂ ಪುರುಸೊತ್ತಿಲ್ಲ.

ತಡವರಿಸುವ ಮಕ್ಕಳಿಗೆಲ್ಲ ಒಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಕಣ್ಣು ಮಂಜಿರಬಹುದು, ಕಿವಿ ಮಂದವಿರಬಹುದು, ಮನೆಮಾತು ಬೇರೆ ಇರಬಹುದು, ಅರ್ಧ ವರ್ಷ ಶಾಲೆಯೇ ತಪ್ಪಿರಬಹುದು. ಆದರೆ ಇದ್ಯಾವುದೂ ಇಲ್ಲದೆ, ಬುದ್ಧಿ ಚುರುಕಾಗಿದ್ದೂ, ಅಕ್ಷರಕ್ಕೂ ಅದರ ಸದ್ದಿಗೂ ನಂಟು ಕೂಡದ ಮಕ್ಕಳು ಇದ್ದಾರೆ. ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. 2007ರಲ್ಲಿ ಬಂದ ಆಮಿರ್ ಖಾನರ ‘ತಾರೆ ಜಮೀನ್ ಪರ್’ ಚಿತ್ರ ನೋಡಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಸಾವಿರಾರು ಜನ. ಟಾಕೀಸಿನಿಂದ ಹೊರಗೆ ಬಂದ ಮೇಲೆ ತಮ್ಮ ಮನೆಯ ಹುಡುಗನ ಕಿವಿ ಹಿಂಡಿದವರೂ ಅವರಲ್ಲೇ ಇದ್ದಾರು!

ಹೊಸ ಕಾಯಿಲೆಯಲ್ಲ

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಈಗಿನವರ ಫ್ಯಾಷನ್’ ಎನ್ನುವವರಿಗೆ ಒಂದು ಮಾತು. ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಎಂಬವರು 1896ರಲ್ಲೇ ವೈದ್ಯ ಪತ್ರಿಕೆಯೊಂದರಲ್ಲಿ 14 ವರ್ಷದ ಹುಡುಗನೊಬ್ಬನ ವಿಷಯ ಬರೆದರು. ಹುಡುಗ ಆಟದಲ್ಲಿ, ಮಾತಿನಲ್ಲಿ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಓದಲು ಮಾತ್ರ ಬರುತ್ತಿರಲಿಲ್ಲ. ಪಾಠವನ್ನೆಲ್ಲ ಬಾಯಲ್ಲೇ ಹೇಳಿಕೊಡುವ ಹಾಗಿದ್ದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನಿಗೆ ಕಲಿಸಿದ ಮೇಷ್ಟ್ರೇ ಹೇಳಿದ್ದರಂತೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಾದವೂ ಇದರ ಸುತ್ತಲೇ ಇದೆ.

ಇಂಥ ಮಕ್ಕಳು ಎಷ್ಟು? ಓದು, ಬರಹ, ಲೆಕ್ಕದ ತೊಡಕು ಎಲ್ಲ ಸೇರಿಸಿದರೆ ಯಾವ ದೇಶ, ಯಾವ ಭಾಷೆಯಲ್ಲೂ ನೂರಕ್ಕೆ 5ರಿಂದ 15 ಎಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿ ಹೇಳುತ್ತದೆ. ಕಡಿಮೆ ಲೆಕ್ಕವನ್ನೇ ಹಿಡಿಯಿರಿ. ಆಗಲೂ 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು ಆದರು. ಅವರು ಎಲ್ಲಿ ಕೂತಿರುತ್ತಾರೆ ಎಂದು ಬಿಡಿಸಿ ಹೇಳಬೇಕೆ? ಕಡೆಯ ಬೆಂಚು.

ಕನ್ನಡದ ತೊಡಕೇ ಬೇರೆ

ಡಿಸ್ಲೆಕ್ಸಿಯಾ ಎಂದರೆ ಇಂಗ್ಲಿಷಿನ ‘ಬಿ’ಯನ್ನು ‘ಡಿ’ ಎಂದು ತಿರುಗಿಸಿ ಬರೆಯುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ಮಕ್ಕಳು ಮುಗ್ಗರಿಸುವ ಜಾಗ ಬೇರೆ. ಇಂಗ್ಲಿಷಿಗೆ ಅಕ್ಷರ 26. ನಮಗೆ ವರ್ಣಮಾಲೆ ಮುಗಿಯಿತು ಎನ್ನುವಷ್ಟರಲ್ಲಿ ಕಾಗುಣಿತ ಶುರು, ಕಾಗುಣಿತ ಮುಗಿಯುವ ಮೊದಲೇ ಒತ್ತಕ್ಷರ ಶುರು. ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ‘ಅಕ್ಕಿ’ ಎಂಬ ಸಣ್ಣ ಮಾತನ್ನೇ ನೋಡಿ. ಕಕಾರದ ಮೇಲೆ ಗುಡಿಸು, ಕೆಳಗೆ ಒತ್ತು. ಬಾಯಲ್ಲಿ ಒತ್ತು ಮೊದಲು ಬಂದು ಆಮೇಲೆ ಇಕಾರ ಬರಬೇಕು. ತೊಡಕಿರುವ ಮಗು ಒತ್ತು ನುಂಗಿ ‘ಅಕಿ’ ಎನ್ನುತ್ತದೆ, ‘ಹಳ್ಳಿ’ ಹೋಗಿ ‘ಹಳಿ’ ಆಗುತ್ತದೆ, ದೀರ್ಘ ಬಿಟ್ಟು ‘ಕಾಲು’ ‘ಕಲು’ ಆಗುತ್ತದೆ. ‘ವ’, ‘ಪ’, ‘ಮ’ ಒಂದರ ಬದಲು ಇನ್ನೊಂದು. ಬಸ್ಸಿನ ಬೋರ್ಡಿನಲ್ಲಿ ‘ಬನ್ನೂರು’ ಎಂದು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟು ಹೋಗಿರುತ್ತದೆ.

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿದ್ದಾರೆ. ತೊಡಕಿಲ್ಲದ ಮಕ್ಕಳಿಗೇ ಇಷ್ಟು ಕಾಲ ಬೇಕಾದರೆ ತೊಡಕಿರುವವರ ಪಾಡೇನು? ಇಂಗ್ಲಿಷಿಗಾಗಿ ಮಾಡಿದ ಔಷಧಿಯನ್ನು ಚೀಟಿ ಬದಲಿಸಿ ನಮ್ಮ ಮಕ್ಕಳಿಗೆ ಕುಡಿಸಿದರೆ ಗುಣವಾದೀತೆ?

ಜೇಬಿನಲ್ಲೇ ಇರುವ ಮೇಷ್ಟ್ರು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಾರ್ಗನ್ ಡಾಕ್ಟರ ಕಾಲದಲ್ಲಿ ಪಾಠವನ್ನೆಲ್ಲ ಒಬ್ಬ ಹುಡುಗನಿಗಾಗಿ ಬಾಯಲ್ಲಿ ಹೇಳಿಕೊಡಲು ಯಾರಿದ್ದರು? ಈಗ ಆ ಕೆಲಸ ಮಾಡುವ ಯಂತ್ರ ನಿಮ್ಮ ಜೇಬಿನಲ್ಲೇ ಇದೆ. ಇವತ್ತಿನ ಸಾಧಾರಣ ಮೊಬೈಲ್ ಫೋನು ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ನೀವು ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುತ್ತದೆ. ಅಚ್ಚಾದ ಪುಟದ ಫೋಟೊ ತೆಗೆದರೆ ಅದರ ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶವೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಈ ಕೆಲಸದಲ್ಲಿ ವರ್ಷಗಟ್ಟಲೆ ದುಡಿದಿದೆ.

ರೆಡಿಮೇಡ್ ಅಂಗಿ ಎಲ್ಲರಿಗೂ ಒಗ್ಗುವುದಿಲ್ಲ ಎಂದು ನಮ್ಮ ಬಟ್ಟೆ ವ್ಯಾಪಾರಿಗಳಿಗೆ ಗೊತ್ತು. ಒಬ್ಬನಿಗೆ ತೋಳು ಉದ್ದ, ಇನ್ನೊಬ್ಬನಿಗೆ ಭುಜ ಬಿಗಿ. ಅಳತೆ ತೆಗೆದು ಹೊಲಿಯುವ ಟೈಲರ್ ಹಾಗೆ ಈ ಯಂತ್ರವನ್ನೂ ಮಗುವಿಗೆ ತಕ್ಕಂತೆ ಹೊಂದಿಸಬಹುದು. ಒಬ್ಬಳಿಗೆ ಅಕ್ಷರ ದೊಡ್ಡದಾಗಬೇಕು. ಇನ್ನೊಬ್ಬನಿಗೆ ಓದುವ ವೇಗ ಅರ್ಧಕ್ಕೆ ಇಳಿಯಬೇಕು. ಮತ್ತೊಬ್ಬನಿಗೆ ಓದುತ್ತಿರುವ ಪದದ ಮೇಲೆ ಬಣ್ಣ ಬೀಳಬೇಕು, ಆಗ ಕಿವಿಗೆ ಬಿದ್ದದ್ದೂ ಕಣ್ಣಿಗೆ ಕಂಡದ್ದೂ ಒಂದೇ ಎಂದು ಅವನಿಗೆ ತಿಳಿಯುತ್ತದೆ. ಮಗು ಯಾವ ಒತ್ತಕ್ಷರದಲ್ಲಿ ಎಷ್ಟು ಸಲ ಎಡವಿತು ಎಂದು ಲೆಕ್ಕವಿಟ್ಟು ನಾಳೆ ಅದನ್ನೇ ಮತ್ತೆ ಕೊಡಬೇಕು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವ ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಓದು ಸುಧಾರಿಸಿತು ಎಂದು 2012ರ ಅಧ್ಯಯನವೊಂದು ತೋರಿಸಿತು. ಆದರೆ ಕನ್ನಡದಲ್ಲಿ ಒತ್ತು ತನ್ನ ಅಕ್ಷರದಿಂದ ಕಳಚಿ ಹೋಗದ ಹಾಗೆ ಅಂತರ ಬಿಡಬೇಕು. ಇದನ್ನು ಕನ್ನಡ ಬಲ್ಲವರೇ ಮಾಡಬೇಕು.

‘ಇದೆಲ್ಲ ಅಮೆರಿಕಾದವರ ಬುದ್ಧಿ’ ಎಂದು ಮೂಗು ಮುರಿಯಬೇಡಿ. ಒಬ್ಬೊಬ್ಬ ಮಗುವೂ ತನ್ನ ಹೆಜ್ಜೆಯಲ್ಲಿ ತಾನು ಕಲಿಯಲಿ ಎಂಬ ‘ನಲಿಕಲಿ’ ಶುರುವಾದದ್ದು 1995ರಲ್ಲಿ, ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅ ಆ ಇ ಈ ಸಾಲು ಬಿಟ್ಟು ‘ರ ಗ ಸ ದ ಅ’ ಎಂದು ಸುಲಭದ ಅಕ್ಷರಗಳಿಂದ ಶುರುಮಾಡಿ, ಕಾರ್ಡು, ಏಣಿಮೆಟ್ಟಿಲು ಇಟ್ಟುಕೊಂಡು ಕಲಿಸಿದವರು ನಮ್ಮ ಕಾಡಂಚಿನ ಶಾಲೆಗಳ ಮೇಷ್ಟ್ರುಗಳು. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಕಾರ್ಡಿನಲ್ಲಿ ಮಾಡಿದ್ದನ್ನು ಫೋನಿನಲ್ಲಿ ಮಾಡಲು ನಮಗೇನು ಧಾಡಿ?

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ

ಧಾಡಿ ಎಲ್ಲಿದೆ ಎಂದರೆ ಕೋರ್ಟಿನ ಮುಂದೆ ಡಿಟಿಪಿ ಅಂಗಡಿ ಇಟ್ಟುಕೊಂಡವರನ್ನು ಕೇಳಿ, ಹೇಳುತ್ತಾರೆ. ಹಳೆಯ ನುಡಿ, ಶ್ರೀಲಿಪಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತ ಕಾಗದದ ಮೇಲೆ ಮುತ್ತಿನಂಥ ಕನ್ನಡ. ಅದೇ ಅಕ್ಷರಶೈಲಿ ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಅರ್ಥವಿಲ್ಲದ ಗೀಟುಗಳು. ಯೂನಿಕೋಡ್‌ನಲ್ಲಿ ಬರೆದದ್ದಾದರೆ ಯಾವ ಫೋನಿಗಾದರೂ ಕನ್ನಡವೇ. ಪಠ್ಯಪುಸ್ತಕ ಕಂಪ್ಯೂಟರಿನಲ್ಲಿ ಸಿಗುತ್ತದೆ, ಪಾಠದ ಪಕ್ಕ ಕ್ಯೂಆರ್ ಕೋಡೂ ಅಚ್ಚಾಗಿದೆ ಎಂದು ಇಲಾಖೆ ಬೆನ್ನು ತಟ್ಟಿಕೊಂಡರೆ ಸಾಲದು. ಆ ಪುಟವನ್ನು ಫೋನು ಓದಿ ಹೇಳುತ್ತದೆಯೇ? ಓದಬೇಕಾದರೆ ಪ್ರತಿಯೊಂದು ಪಠ್ಯಪುಸ್ತಕವೂ ಯೂನಿಕೋಡ್‌ನಲ್ಲಿ, ದನಿಯೊಡನೆ ಸಿಗಬೇಕು. ಇದಕ್ಕೆ ಕೋಟಿ ಕೋಟಿ ಬೇಡ, ಒಂದು ಆಜ್ಞೆ ಬೇಕು.

ಕಾನೂನಿನ ಅಡ್ಡಿ ಇದೆಯೇ ಎಂದರೆ ಅದೂ ಇಲ್ಲ. ಅಚ್ಚಾದ ಪುಸ್ತಕ ಓದಲಾಗದವರಿಗೆ ಬೇರೆ ರೂಪದಲ್ಲಿ ಮಾಡಿಕೊಡಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು. 2016ರ ಆಗಸ್ಟ್‌ನಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಅದು ಅಂಧರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ. ಡಿಸ್ಲೆಕ್ಸಿಯಾ ಇರುವವರಿಗೂ ಅಲ್ಲಿ ಜಾಗವಿದೆ ಎಂದು ಹೇಳಿದವರು ಯಾರು? ಕೇಳಿದವರು ಯಾರು?

ಯಂತ್ರ ಕೊಟ್ಟು ಕೈ ತೊಳೆಯಬೇಡಿ

ಹಾಗೆಂದು ಮಗುವಿನ ಕೈಗೆ ಫೋನು ಕೊಟ್ಟು ‘ಓದಿಕೋ’ ಎಂದು ವ್ಯಾಪಾರಕ್ಕೆ ಕೂತರೆ ಅದು ಓದುವುದಿಲ್ಲ, ರೀಲ್ಸ್ ನೋಡುತ್ತದೆ! ಫಿನ್ಲೆಂಡಿನ ಯುವಾಸ್ಕುಲ ವಿಶ್ವವಿದ್ಯಾಲಯದಲ್ಲಿ ‘ಗ್ರಾಫೋಗೇಮ್’ ಎಂಬ ಆಟ ಮಾಡಿದರು. ಮಗು ತಪ್ಪಿದ ಹಾಗೆ ಆಟವೂ ಬದಲಾಗಿ ಅಕ್ಷರ ಕಲಿಸುತ್ತದೆ. ಹಲವು ದೇಶಗಳಲ್ಲಿ ಅದನ್ನು ಬಳಸಿ ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2020ರಲ್ಲಿ ಪರಿಶೀಲಿಸಿದಾಗ, ಸರಾಸರಿಯಲ್ಲಿ ಪದ ಓದುವುದರಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಆದರೆ ದೊಡ್ಡವರು ಪಕ್ಕದಲ್ಲಿದ್ದು ಕೈಜೋಡಿಸಿದ ಕಡೆ ಲಾಭ ಕಂಡಿತು. ಇದರಲ್ಲಿ ಪಾಠವಿದೆ. ಯಂತ್ರಕ್ಕೆ ಅಳತೆ ತೆಗೆಯಲು ಬರುತ್ತದೆ. ‘ಪರವಾಗಿಲ್ಲ ಮಗನೇ, ಇನ್ನೊಂದು ಸಲ ನೋಡು’ ಎನ್ನಲು ಪಕ್ಕದಲ್ಲಿ ಮನುಷ್ಯರೇ ಬೇಕು.

ಇನ್ನೊಂದು ಎಚ್ಚರಿಕೆ. ಹೆತ್ತವರ ಸಂಕಟ ಇರುವ ಕಡೆ ಮಾರುವವರೂ ಬಂದೇ ಬರುತ್ತಾರೆ. ಬಣ್ಣದ ಕನ್ನಡಕ ಹಾಕಿಸಿ, ಕಣ್ಣಿನ ಕಸರತ್ತು ಮಾಡಿಸಿ, ಡಿಸ್ಲೆಕ್ಸಿಯಾ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ ಹೇಳಿದೆ. ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಎಂದು ವರ್ಷದ ಚಂದಾ ಕೇಳುವ ಆ್ಯಪ್‌ನವರಿಗೆ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಿಮ್ಮದು ಕನ್ನಡದ ಒತ್ತಕ್ಷರ ಕಲಿಸುತ್ತದೆಯೇ? ತಬ್ಬಿಬ್ಬಾದರೆ ಅಲ್ಲಿಂದ ಎದ್ದು ಬನ್ನಿ. ಇದು ಜ್ವರದ ಹಾಗೆ ಬಂದು ಹೋಗುವಂಥದ್ದಲ್ಲ. ನೆರವಿನಿಂದ ಓದು ಸುಧಾರಿಸುತ್ತದೆ, ಮಗು ದಾರಿ ಕಂಡುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿಗೆ ಹೇಳುವವನನ್ನು ನಂಬಬೇಡಿ.

ಕಾನೂನು ಏನನ್ನುತ್ತದೆ?

1995ರ ಹಳೆಯ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳ ಹೆಸರೇ ಇರಲಿಲ್ಲ. 2016ರ ಹೊಸ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿ ಅದರಲ್ಲಿ ಕಲಿಕೆಯ ತೊಡಕನ್ನೂ ಸೇರಿಸಿತು. 2017ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಅದರ 16ನೇ ಕಲಮಿನ ಪ್ರಕಾರ, ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಇಂಥ ತೊಡಕನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ರೀತಿಯಲ್ಲಿ ಕಲಿಸಬೇಕು. ಮಾನ್ಯತೆ ಎಂದರೆ ಡೊನೇಷನ್ ಶಾಲೆಗಳೂ ಸೇರಿದವು, ಗಮನಿಸಿ. 17ನೇ ಕಲಮು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸರ್ವೆ ಮಾಡಿ ಎನ್ನುತ್ತದೆ. ನ್ಯೂನತೆ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ತಕ್ಕ ಉಪಕರಣ ಪುಕ್ಕಟೆ ಕೊಡಿ ಎನ್ನುವುದೂ ಅದೇ ಕಲಮು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಪ್ರಮಾಣಪತ್ರವಿದ್ದವರಿಗೆ ಹೆಚ್ಚು ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿ ಉಂಟು.

ಎಲ್ಲದಕ್ಕೂ ಪ್ರಮಾಣಪತ್ರ! 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, 8 ವರ್ಷ ತುಂಬುವ ಮೊದಲು ಕಲಿಕಾ ತೊಡಕಿನ ಪ್ರಮಾಣಪತ್ರ ಕೊಡಕೂಡದೆಂದಿತು. ಅದಕ್ಕೆ ಕಾರಣವಿದೆ, ಚಿಕ್ಕ ಮಕ್ಕಳಲ್ಲಿ ನಿಧಾನ ಯಾವುದು, ತೊಡಕು ಯಾವುದು ಎಂದು ತೀರ್ಮಾನಿಸುವುದು ಕಷ್ಟ. ಆದರೆ ಪತ್ತೆಹಚ್ಚಲು, ಪಕ್ಕ ಕೂರಿಸಿಕೊಂಡು ಕಲಿಸಲು, ಫೋನಿನಲ್ಲಿ ಪಾಠ ಓದಿ ಕೇಳಿಸಲು ಯಾವ ಪ್ರಮಾಣಪತ್ರವೂ ಬೇಡ. 16ನೇ ಕಲಮು ಅದನ್ನು ಕೇಳುವುದಿಲ್ಲ. ಚೀಟಿ ಬರಲಿ ಆಮೇಲೆ ನೋಡೋಣ ಎಂದು ಎರಡು ಮೂರು ವರ್ಷ ತಳ್ಳಿದರೆ ಅಷ್ಟರಲ್ಲಿ ಮಗು ಪುಸ್ತಕವನ್ನೇ ದ್ವೇಷಿಸಲು ಕಲಿತಿರುತ್ತದೆ.

ಗಂಗೋತ್ರಿ ಹತ್ತಿರ, ಹಳ್ಳಿ ದೂರ

ಬೇರೆ ಜಿಲ್ಲೆಯವರು ‘ನಮ್ಮಲ್ಲಿ ಪರೀಕ್ಷೆ ಮಾಡುವವರೇ ಇಲ್ಲ’ ಎಂದರೆ ಒಪ್ಪಬಹುದು. ನಾವು ಹಾಗೆ ಹೇಳುವಂತಿಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು, ಕಿವಿ, ಕಲಿಕೆಯ ತೊಡಕು ಪರೀಕ್ಷಿಸುವ ತಜ್ಞರು ಅಲ್ಲಿದ್ದಾರೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಮ್ಮ ಸರಗೂರಿನ ತಾಯಿಗೆ ಮಾತ್ರ ಅದು ದೂರ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಆಕೆಗೆ ಬಸ್ ಚಾರ್ಜು ಉಳಿಯಿತು, ಸರಿ. ಕೂಲಿ ಉಳಿಯಿತೆ? ಒಂದು ಸಲ ಬಂದರೆ ಮುಗಿಯದು, ಮತ್ತೆ ಬರಬೇಕು. ಅಷ್ಟಕ್ಕೂ ಮಗುವಿಗೆ ಇಂಥ ತೊಡಕಿರಬಹುದು ಎಂದು ಊರಿನ ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ತಾನೇ ಆಕೆ ಹೊರಡುವುದು?

ಆ ಮೊದಲ ಜರಡಿ ಹಿಡಿಯಲು ಮೇಷ್ಟ್ರೇ ಸಾಕು. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಂದಿನಿ ಚಟರ್ಜಿ ಸಿಂಗ್ ಅವರ ತಂಡ ‘ಡಾಲಿ’ ಎಂಬ ಪರೀಕ್ಷೆ ಸಿದ್ಧಪಡಿಸಿ 2015ರಲ್ಲಿ ಬಿಡುಗಡೆ ಮಾಡಿತು. ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ. ಒಂದು–ಎರಡನೇ ತರಗತಿಗೆ ಒಂದು, ಮೂರರಿಂದ ಐದನೇ ತರಗತಿಗೆ ಇನ್ನೊಂದು ಎಂದು ಶಿಕ್ಷಕರೇ ಬಳಸುವ ಜರಡಿ ಅದರಲ್ಲಿದೆ. ನಮ್ಮ ಜಿಲ್ಲೆಯ ಎಷ್ಟು ಮೇಷ್ಟ್ರುಗಳು ಅದರ ಹೆಸರು ಕೇಳಿದ್ದಾರೆ? ಮೇಷ್ಟ್ರನ್ನು ಬಯ್ದು ಫಲವಿಲ್ಲ. ಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ, ಇದನ್ನು ಮಾತ್ರ ಹೇಳಿಕೊಡದಿದ್ದರೆ ತಪ್ಪು ಯಾರದು?

ಆಗಬೇಕಾದ್ದು ಇಷ್ಟು

ಒಂದು, ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ವಾಕ್ ಶ್ರವಣ ಸಂಸ್ಥೆಯವರ ಜೊತೆ ಕೂತು, ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿನ ಓದನ್ನು ಒಮ್ಮೆ ಸರಿಯಾಗಿ ನೋಡುವ ಏರ್ಪಾಟು ಮಾಡಲಿ.

ಎರಡು, ಗುರುತಿಸಿದ ಮಕ್ಕಳನ್ನು ಮೈಸೂರಿಗೆ ಅಲೆಸುವ ಬದಲು ತಜ್ಞರೇ ತಿಂಗಳಿಗೊಂದು ದಿನ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಲಿ. ಕೋಟೆ, ಸರಗೂರಿನಿಂದ ಶುರುವಾಗಲಿ.

ಮೂರು, ಪಠ್ಯಪುಸ್ತಕಗಳೆಲ್ಲ ಯೂನಿಕೋಡ್‌ನಲ್ಲಿ, ಓದಿ ಹೇಳುವ ದನಿಯೊಡನೆ ಬೇಕೆಂದು ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಲಿ. ಅನುದಾನ, ವರ್ಗಾವಣೆ ಬಿಟ್ಟು ಒಂದು ದಿನ ಇದನ್ನೂ ಕೇಳಬಹುದಲ್ಲ?

ನಾಲ್ಕು, ಪ್ರತಿ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಫೋನು, ಒಂದು ಜೊತೆ ಇಯರ್‌ಫೋನು, ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕೂರುವ ಒಬ್ಬರು ಇರಲಿ. ಸರ್ಕಾರದ ಟೆಂಡರಿಗೆ ಕಾಯಬೇಕಿಲ್ಲ. ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯ ವರ್ತಕರು ದಸರೆಗೆ ಕೊಡುವ ದೀಪದ ಖರ್ಚಿನಲ್ಲಿ ಒಂದು ಪಾಲು ತೆಗೆದರೆ ಎಷ್ಟೋ ಶಾಲೆಗೆ ಆಗುತ್ತದೆ.

ಕಡೆಯದಾಗಿ ಹೆತ್ತವರಿಗೆ. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ, ಬಸ್ಸಿಳಿದು ಮನೆಗೆ ಹೋದ ಮೇಲೆ ಮಗುವಿಗೆ ಒಂದು ಪಾಠ ಓದಿಸಿ. ತಡವರಿಸಿದರೆ ಕೈ ಎತ್ತಬೇಡಿ. ಅದೇ ಪಾಠವನ್ನು ನೀವು ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಬಂದು, ಓದು ಮಾತ್ರ ಬರದಿದ್ದರೆ, ಮೊದಲು ಕಣ್ಣು, ಕಿವಿ ತೋರಿಸಿ. ಅವೂ ಸರಿಯಿದ್ದರೆ ಗಂಗೋತ್ರಿಯ ಕಡೆಗೆ ಹೋಗುವ ಬಸ್ಸು ಹತ್ತಿ. ಒಂದು ದಿನದ ವ್ಯಾಪಾರ ಹೋದರೆ ಹೋಗಲಿ.

ಉಪನಿರ್ದೇಶಕರು ಈ ಅಂಕಣ ಓದುತ್ತಾರೋ ಇಲ್ಲವೋ, ಅವರ ಕಚೇರಿಯ ಗುಮಾಸ್ತರು ಬಸ್ಸಿನಲ್ಲಿ ಖಂಡಿತ ಓದುತ್ತಾರೆ. ಅವರಾದರೂ ಕತ್ತರಿಸಿ ಸಾಹೇಬರ ಮೇಜಿನ ಮೇಲಿಡಲಿ. ಜಿಲ್ಲೆಯಲ್ಲಿ ಎಷ್ಟು ಮಕ್ಕಳನ್ನು ಪರೀಕ್ಷಿಸಿದ್ದೀರಿ, ಎಷ್ಟು ಮಕ್ಕಳಿಗೆ ಉಪಕರಣ ಕೊಟ್ಟಿದ್ದೀರಿ ಎಂಬ ಎರಡೇ ಲೆಕ್ಕ ಕೊಟ್ಟರೆ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಸಂಬಂಧಪಟ್ಟವರು ಗಮನಿಸುವರೆ?